ಒಟಿಟಿ ಚಂದಾ: ಯಾವ ಪ್ಲಾನ್ ಸಾಕು, ಯಾವುದು ಹೆಚ್ಚಾಯಿತು?

ಒಟಿಟಿ ಸೇವೆಗಳ ಪ್ಲಾನ್‌ಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚು ಜನರಿಗೆ ಉಪಯೋಗವಾಗುವಂಥವನ್ನು ಆರಿಸಿ ಉತ್ತರಿಸಿದ್ದೇವೆ. ದರಗಳು ಒಂದೊಂದು ದೇಶದಲ್ಲಿ ಒಂದೊಂದು ಬಗೆ, ಆಗಾಗ ಬದಲಾಗುವುದೂ ಉಂಟು. ಹಾಗಾಗಿ ದರದ ಅಂಕಿ ಬಿಟ್ಟು, ಲೆಕ್ಕ ಹಾಕುವ ಬಗೆಯನ್ನಷ್ಟೇ ಹೇಳಿದ್ದೇವೆ.

ಪ್ರಶ್ನೆ: ಒಂದೇ ಸೇವೆಯಲ್ಲಿ ಮೂರು ಪ್ಲಾನ್‌ಗಳಿವೆ. ಕೋಷ್ಟಕ ನೋಡಿದರೆ ಎಲ್ಲದರಲ್ಲೂ ಟಿಕ್ ಗುರುತುಗಳೇ. ಹೋಲಿಕೆ ಎಲ್ಲಿಂದ ಶುರು ಮಾಡಬೇಕು?

ಕೋಷ್ಟಕದಲ್ಲಿ ಹತ್ತು ಸಾಲುಗಳಿದ್ದರೂ ನಿಜವಾಗಿ ಬದಲಾಗುವುದು ಐದೇ ಸಂಗತಿ: ಜಾಹೀರಾತು ಇದೆಯೋ ಇಲ್ಲವೋ, ಚಿತ್ರದ ಗರಿಷ್ಠ ಗುಣಮಟ್ಟ, ಏಕಕಾಲಕ್ಕೆ ಎಷ್ಟು ಪರದೆ, ಡೌನ್‌ಲೋಡ್ ಎಷ್ಟು ಸಾಧನಗಳಲ್ಲಿ, ಮತ್ತು ಎಚ್‌ಡಿಆರ್ (ಬೆಳಕು ನೆರಳಿನ ಅಂತರ ಎದ್ದು ಕಾಣುವ ಚಿತ್ರ) ಹಾಗೂ ಅಟ್ಮಾಸ್ (ಸುತ್ತಲಿಂದ ಕೇಳಿಸುವ ಧ್ವನಿ) ಎಂಬಂಥ ಹೆಚ್ಚುವರಿಗಳು. ಬಹುತೇಕರು ಮೊದಲು ನೋಡುವುದು ಚಿತ್ರದ ಗುಣಮಟ್ಟ. ನಮ್ಮ ಸಲಹೆ ಬೇರೆ. ಮೊದಲು ಪರದೆಗಳ ಸಂಖ್ಯೆ ನೋಡಿ. ಕೆಳಗಿನ ಪ್ಲಾನ್ ಮನೆಯವರಿಗೆ ನಿಜಕ್ಕೂ ಸಾಲದೆ ಹೋಗುವುದು ಅಲ್ಲೇ. 4ಕೆ (ಎಚ್‌ಡಿಗಿಂತ ಹೆಚ್ಚು ಚುಕ್ಕಿಗಳುಳ್ಳ ಚಿತ್ರ) ಇಲ್ಲದಿದ್ದರೂ ಸಿನಿಮಾ ನೋಡಬಹುದು, ಎರಡನೆಯ ಪರದೆಗೆ ಅನುಮತಿ ಇಲ್ಲದಿದ್ದರೆ ಇನ್ನೊಬ್ಬರು ಸುಮ್ಮನೆ ಕೂರಬೇಕಾಗುತ್ತದೆ.

ಎಣಿಸುವಾಗ ಮನೆಮಂದಿಯ ತಲೆ ಎಣಿಸಬೇಡಿ. ದಿನದಲ್ಲಿ ಅತಿ ಹೆಚ್ಚು ಜನ ನೋಡುವ ಒಂದು ಗಂಟೆಯಲ್ಲಿ ಆ ಒಂದೇ ಸೇವೆ ಎಷ್ಟು ಪರದೆಗಳ ಮೇಲೆ ಓಡುತ್ತಿರುತ್ತದೆ, ಅಷ್ಟು ಮಾತ್ರ. ಐದು ಜನರ ಮನೆಯಲ್ಲೂ ಅದು ಎರಡನ್ನು ದಾಟದಿರಬಹುದು.

ಮೂರು ಸಂಖ್ಯೆಗಳನ್ನು ಜನ ಕಲಸಿಕೊಳ್ಳುತ್ತಾರೆ. ಪ್ರೊಫೈಲ್ ಎಂದರೆ ಯಾರು ಏನು ನೋಡಿದರು ಎಂಬ ನೆನಪಿನ ಖಾತೆ, ಅಷ್ಟೇ. ಲಾಗಿನ್ ಆಗಿರುವ ಸಾಧನಗಳ ಸಂಖ್ಯೆ ಇನ್ನೊಂದು. ಅದಕ್ಕೆ ಕೆಲವು ಸೇವೆಗಳಲ್ಲಿ ಮಿತಿಯೇ ಇಲ್ಲ, ಕೆಲವದರಲ್ಲಿ ಇದೆ. ಏಕಕಾಲದ ಪರದೆ ಮೂರನೆಯದು, ನೀವು ದುಡ್ಡು ಕೊಡುವುದು ಅದಕ್ಕೆ. ಐದು ಪ್ರೊಫೈಲ್ ಇದ್ದ ಮಾತ್ರಕ್ಕೆ ಐವರು ಒಟ್ಟಿಗೆ ನೋಡಲು ಆಗುವುದಿಲ್ಲ.

ಒಬ್ಬರೇ ನೋಡುತ್ತಿದ್ದರೂ ‘ತುಂಬಾ ಜನ ನೋಡುತ್ತಿದ್ದಾರೆ’ ಎಂಬ ಸಂದೇಶ ಬಂದರೆ, ಯಾವುದೋ ಸಾಧನದಲ್ಲಿ ಕಾರ್ಯಕ್ರಮವನ್ನು ನಿಲ್ಲಿಸದೆ ಟಿವಿಯನ್ನಷ್ಟೇ ಆರಿಸಿರುತ್ತಾರೆ. ಟಿವಿಗೆ ಸಿಕ್ಕಿಸಿ ಒಟಿಟಿ ನೋಡುವ ಹೊರಗಿನ ಸ್ಟಿಕ್ ಅಥವಾ ಪೆಟ್ಟಿಗೆ ಹಚ್ಚಿದ್ದರೆ ಟಿವಿ ಆರಿದರೂ ಅದು ಓಡುತ್ತಲೇ ಇರಬಹುದು. ಅಲ್ಲಿ ಹಿಂದಕ್ಕೆ ಬಂದು ಆ್ಯಪ್ ಮುಚ್ಚಿ. ಜಾಗ ಖಾಲಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ.

ಪ್ರಶ್ನೆ: 4ಕೆ ಟಿವಿ ಕೊಂಡು, ಅತಿ ಮೇಲಿನ ಪ್ಲಾನ್‌ಗೆ ಹೋದೆವು. ಚಿತ್ರ ಮಾತ್ರ ಮೊದಲು ಹೇಗಿತ್ತೋ ಹಾಗೇ ಇದೆ. ಇದು ಮೋಸವೇ?

ಮೋಸ ಇರಲಾರದು. ಪ್ಲಾನ್ ಎಂದರೆ ಮೇಲ್ಮಿತಿ. ಅಷ್ಟರವರೆಗೆ ಕೊಡಲು ಸೇವೆ ಒಪ್ಪಿದೆ ಎಂದಷ್ಟೇ ಅರ್ಥ. 4ಕೆ ಚಿತ್ರ ಪರದೆ ಮುಟ್ಟಬೇಕಾದರೆ ಕಾರ್ಯಕ್ರಮ, ಪ್ರೊಫೈಲ್ ಸೆಟ್ಟಿಂಗ್, ನೆಟ್, ಸಾಧನ, ಕೇಬಲ್, ಟಿವಿಯ ಪೋರ್ಟ್ ಎಲ್ಲವೂ ಜೊತೆಗೂಡಬೇಕು. ಒಂದು ಕೈಕೊಟ್ಟರೂ ಆ್ಯಪ್ ಬಾಯಿಬಿಟ್ಟು ಏನೂ ಹೇಳದೆ 1080ಪಿಗೋ (ಪೂರ್ಣ ಎಚ್‌ಡಿ) ಅದಕ್ಕಿಂತ ಕೆಳಕ್ಕೋ ಇಳಿದುಬಿಡುತ್ತದೆ. ಎಲ್ಲಿ ಕೈಕೊಟ್ಟಿದೆ ಎಂದು ಈ ಕ್ರಮದಲ್ಲಿ ಹುಡುಕಿ.

ಮೊದಲು ಕಾರ್ಯಕ್ರಮ. ಸಂಗ್ರಹದಲ್ಲಿರುವುದೆಲ್ಲ 4ಕೆಯಲ್ಲಿ ಇರುವುದಿಲ್ಲ. ಹಳೆಯ ಧಾರಾವಾಹಿಗಳು ಎಚ್‌ಡಿಯಲ್ಲೇ ನಿಂತಿರುತ್ತವೆ. ಎಷ್ಟೋ ಸಿನಿಮಾಗಳ ಅಂತಿಮ ಪ್ರತಿಯನ್ನು 2ಕೆಯಲ್ಲಿ (ಹೆಚ್ಚುಕಡಿಮೆ 1080ಪಿಯಷ್ಟು) ಸಿದ್ಧಪಡಿಸಿ ಆಮೇಲೆ ಹಿಗ್ಗಿಸಿರುತ್ತಾರೆ. ಅವುಗಳ ಮೇಲೆ 4ಕೆ ಮುದ್ರೆ ಇದ್ದರೂ ವ್ಯತ್ಯಾಸ ಕಾಣುವುದು ಕಡಿಮೆ. ಸೇವೆಯೇ ಇತ್ತೀಚೆಗೆ ನಿರ್ಮಿಸಿದ, ವಿವರದ ಪುಟದಲ್ಲಿ ‘ಅಲ್ಟ್ರಾ ಎಚ್‌ಡಿ’ ಅಥವಾ ‘4ಕೆ’ ಎಂದಿರುವ ಕಾರ್ಯಕ್ರಮವನ್ನೇ ಪರೀಕ್ಷೆಗೆ ಆರಿಸಿ. ನೆಟ್‌ಫ್ಲಿಕ್ಸ್‌ನಲ್ಲಿ ಈ ಮುದ್ರೆ ನಿಮ್ಮ ಪ್ಲಾನ್ ಮತ್ತು ಸಾಧನ ಎರಡೂ ಒಪ್ಪಿದಾಗ ಮಾತ್ರ ಕಾಣುತ್ತದೆ. ಮುದ್ರೆಯೇ ಇಲ್ಲವೆಂದರೆ ತೊಂದರೆ ಅಲ್ಲೇ ಎಂದು ಗೊತ್ತಾಯಿತು.

ಎರಡನೆಯದು ಪ್ರೊಫೈಲ್ ಸೆಟ್ಟಿಂಗ್. ಡೇಟಾ ಉಳಿಸಲೆಂದು ಯಾವಾಗಲೋ ‘ಮಧ್ಯಮ’ಕ್ಕೋ ‘ಕಡಿಮೆ’ಗೋ ಇಟ್ಟಿದ್ದರೆ, ಪ್ಲಾನ್ ಬದಲಿಸಿದರೂ ಅದು ತಾನಾಗಿ ಮೇಲೇರುವುದಿಲ್ಲ. ಖಾತೆಯ ಪುಟದಲ್ಲಿ ಪ್ರತಿ ಪ್ರೊಫೈಲ್‌ಗೂ ಪ್ಲೇಬ್ಯಾಕ್ ಸೆಟ್ಟಿಂಗ್ ಬೇರೆ ಬೇರೆ ಇರುತ್ತದೆ. ಒಬ್ಬರ ಪ್ರೊಫೈಲ್‌ನಲ್ಲಿ ಸ್ಪಷ್ಟವಾಗಿ, ಇನ್ನೊಬ್ಬರದರಲ್ಲಿ ಮಬ್ಬಾಗಿ ಕಾಣುವುದು ಇದರಿಂದಲೇ. ‘ಸ್ವಯಂಚಾಲಿತ’ ಅಥವಾ ‘ಹೆಚ್ಚು’ ಎಂದು ಮಾಡಿ, ಆ್ಯಪ್‌ನಿಂದ ಹೊರಬಂದು ಮತ್ತೆ ತೆರೆಯಿರಿ. ಬದಲಾವಣೆ ಕೆಲವೊಮ್ಮೆ ಕೂಡಲೇ ಜಾರಿಯಾಗದೆ ಕೆಲವು ಗಂಟೆ ತಡವಾಗುತ್ತದೆ.

ಮೂರನೆಯದು ಎಚ್‌ಡಿಎಂಐ ದಾರಿ, ಅಂದರೆ ಹೊರಗಿನ ಸಾಧನದಿಂದ ಟಿವಿಗೆ ಚಿತ್ರ ಮತ್ತು ಧ್ವನಿ ಒಯ್ಯುವ ಕೇಬಲ್ ಮತ್ತು ಪೋರ್ಟ್. ಟಿವಿಯೊಳಗಿನ ಆ್ಯಪ್‌ನಲ್ಲೇ ನೋಡುವವರಿಗೆ ಈ ತಲೆನೋವಿಲ್ಲ. ಸ್ಟಿಕ್, ಸೆಟ್‌ಟಾಪ್ ಬಾಕ್ಸ್, ಗೇಮ್ ಕನ್ಸೋಲ್ ಮೂಲಕ ನೋಡುವವರಿಗೆ ಇದೆ. ನಕಲು ತಡೆಯುವ ಎಚ್‌ಡಿಸಿಪಿ ಎಂಬ ಬೀಗದ 2.2 ಆವೃತ್ತಿ ಆ ದಾರಿಯ ಪ್ರತಿ ಪೆಟ್ಟಿಗೆಯಲ್ಲೂ ಇರಬೇಕು. ನಡುವೆ ಹಳೆಯ ಸೌಂಡ್‌ಬಾರ್ ಅಥವಾ ರಿಸೀವರ್ ಒಂದಿದ್ದರೆ 4ಕೆ ಅಲ್ಲಿಗೇ ನಿಂತುಹೋಗುತ್ತದೆ. ಮೊದಮೊದಲ 4ಕೆ ಟಿವಿಗಳಲ್ಲಂತೂ ನಾಲ್ಕು ಪೋರ್ಟ್‌ಗಳಲ್ಲಿ ಒಂದೆರಡಕ್ಕೆ ಮಾತ್ರ ಈ ಸೌಲಭ್ಯವಿತ್ತು. ಪೋರ್ಟ್ ಬದಲಿಸಿ ನೋಡಿ. ಅದಾದ ಮೇಲೆ ಟಿವಿಯ ಸೆಟ್ಟಿಂಗ್‌ನಲ್ಲಿ ಆ ಪೋರ್ಟ್‌ನ ಪೂರ್ಣ ಸಾಮರ್ಥ್ಯವನ್ನು ತೆರೆಯಬೇಕು: ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’. ಕೇಬಲ್ 18 ಜಿಬಿಪಿಎಸ್‌ನ ‘ಪ್ರೀಮಿಯಂ ಹೈ ಸ್ಪೀಡ್’ ದರ್ಜೆಯದಾಗಿರಲಿ. ಅದಕ್ಕಿಂತ ದುಬಾರಿ ಕೇಬಲ್‌ನಿಂದ ಚಿತ್ರ ಒಂದಿನಿತೂ ಸುಧಾರಿಸುವುದಿಲ್ಲ. ಚಿನ್ನದ ಲೇಪನದ ಮಾತಿಗೆ ಮರುಳಾಗಬೇಡಿ.

ತೊಂದರೆ ಎಚ್‌ಡಿಎಂಐ ದಾರಿಯಲ್ಲೇ ಇದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ಅದೇ ಕಾರ್ಯಕ್ರಮವನ್ನು ಟಿವಿಯ ಸ್ವಂತ ಆ್ಯಪ್‌ನಲ್ಲಿ ಹಾಕಿ. ಅಲ್ಲಿ 4ಕೆ ಬಂದು ಸ್ಟಿಕ್‌ನಲ್ಲಿ ಬರದಿದ್ದರೆ ನೆಟ್ಟೂ ಪ್ಲಾನೂ ಸರಿ ಇವೆ, ಸ್ಟಿಕ್, ಪೋರ್ಟ್ ಅಥವಾ ಕೇಬಲ್‌ನಲ್ಲಿ ದೋಷ. ಎರಡರಲ್ಲೂ ಬರದಿದ್ದರೆ ನೆಟ್ ಅಥವಾ ಖಾತೆಯ ಕಡೆ ತಿರುಗಿ.

ಪರೀಕ್ಷಿಸುವಾಗ ಒಂದು ಎಚ್ಚರ. ರಿಮೋಟ್‌ನ ‘ಇನ್ಫೋ’ ಗುಂಡಿ ಒತ್ತಿದಾಗ ಟಿವಿ 3840×2160 ಎಂದು ತೋರಿಸಿತು ಎಂದು ಖುಷಿಪಡಬೇಡಿ. 4ಕೆಗೆ ಇಟ್ಟ ಸ್ಟಿಕ್ ಎಂಥ ಚಿತ್ರವನ್ನೂ ಆ ಅಳತೆಗೆ ಹಿಗ್ಗಿಸಿಯೇ ಕಳಿಸುತ್ತದೆ. ಟಿವಿ ಹೇಳುವುದು ತನಗೆ ಸ್ಟಿಕ್‌ನಿಂದ ಏನು ಬಂತು ಎಂಬುದನ್ನು, ಸ್ಟಿಕ್‌ಗೆ ಸೇವೆಯಿಂದ ಏನು ಬಂತು ಎಂಬುದನ್ನಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ‘ಟೆಸ್ಟ್ ಪ್ಯಾಟರ್ನ್ಸ್’ ಎಂದು ಹುಡುಕಿ ಹಾಕಿದರೆ ನಿಜವಾಗಿ ಬರುತ್ತಿರುವ ಅಳತೆ ಮತ್ತು ಬಿಟ್‌ರೇಟ್ (ಸೆಕೆಂಡಿಗೆ ಬರುವ ಡೇಟಾ) ಪರದೆಯ ಮೇಲೇ ಕಾಣುತ್ತವೆ. ಎಚ್‌ಡಿಆರ್ ಕಾರ್ಯಕ್ರಮವಾದರೆ ಶುರುವಾದ ಕ್ಷಣ ಟಿವಿಯ ಮೂಲೆಯಲ್ಲಿ ‘ಎಚ್‌ಡಿಆರ್’ ಅಥವಾ ‘ಡಾಲ್ಬಿ ವಿಷನ್’ ಎಂಬ ಗುರುತು ಮಿಂಚಿ ಹೋಗುತ್ತದೆ, ಅದೂ ಒಳ್ಳೆಯ ಸುಳಿವೇ. ಹಾಂ, ಮೊದಲ ಅರ್ಧ ನಿಮಿಷ ನೋಡಿ ತೀರ್ಮಾನಕ್ಕೆ ಬರಬೇಡಿ. ಬೇಗ ಶುರುವಾಗಲೆಂದು ಆ್ಯಪ್ ಕಡಿಮೆ ಗುಣಮಟ್ಟದಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಎಲ್ಲವೂ ಸರಿ ಇದ್ದು, 4ಕೆಯೇ ಬರುತ್ತಿದ್ದೂ ವ್ಯತ್ಯಾಸ ಕಾಣದಿದ್ದರೆ? ಮುಂದಿನ ಉತ್ತರ ನಿಮಗಾಗಿ.

ಪ್ರಶ್ನೆ: 43 ಇಂಚಿನ 4ಕೆ ಟಿವಿ. ಸೋಫಾದಿಂದ ಸುಮಾರು 3 ಮೀಟರ್ ದೂರ. 4ಕೆ ಪ್ಲಾನ್ ಬೇಕೇ?

ಬರೀ ರೆಸಲ್ಯೂಷನ್‌ಗಾಗಿಯಾದರೆ, ಅಂದರೆ ಹೆಚ್ಚು ಚುಕ್ಕಿಗಳಿಗಾಗಿಯಾದರೆ, ಬೇಡ.

ದೋಷವಿಲ್ಲದ ಕಣ್ಣು ಗುರುತಿಸಬಲ್ಲ ಅತಿ ಸಣ್ಣ ವಿವರ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಈ ಲೆಕ್ಕದಲ್ಲಿ ಟಿವಿಯ ಕರ್ಣದ ಸುಮಾರು 1.6 ಪಟ್ಟು ದೂರ ಹೋದರೆ 1080ಪಿಯ ಚುಕ್ಕಿಗಳೇ ಒಂದಕ್ಕೊಂದು ಬೆರೆತುಹೋಗುತ್ತವೆ. ಅದಕ್ಕಿಂತ ಸಣ್ಣ ಚುಕ್ಕಿ ಕೊಟ್ಟರೂ ಕಣ್ಣಿಗೆ ಲಾಭವಿಲ್ಲ. 43 ಇಂಚಿಗೆ ಆ ದೂರ ಸುಮಾರು 1.7 ಮೀಟರ್, 55 ಇಂಚಿಗೆ 2.2, 65 ಇಂಚಿಗೆ 2.6. ನೀವು ಕೂರುವುದು 3 ಮೀಟರ್‌ನಲ್ಲಿ.

ಆದರೂ ಮೇಲಿನ ಪ್ಲಾನ್‌ಗೆ ಎರಡು ನ್ಯಾಯವಾದ ಕಾರಣ ಉಳಿಯುತ್ತವೆ. ಒಂದು, 4ಕೆ ಜೊತೆ ಬರುವ ಹೆಚ್ಚಿನ ಬಿಟ್‌ರೇಟ್: ಕತ್ತಲ ದೃಶ್ಯ, ಹೊಗೆ, ಮಳೆ, ನೀರಿನ ಅಲೆ ಇರುವಲ್ಲಿ ಚೌಕ ಚೌಕ ಕಲೆಗಳು ಕಡಿಮೆ. ಇನ್ನೊಂದು ಎಚ್‌ಡಿಆರ್. ಬೆಳಕು ನೆರಳಿನ ಅಂತರ ಎಷ್ಟು ದೂರದಿಂದಲೂ ಕಾಣುವಂಥದ್ದು. ಆದರೆ ಅದಕ್ಕೆ ಟಿವಿಗೂ ತಾಕತ್ತಿರಬೇಕು. ಗರಿಷ್ಠ ಹೊಳಪು 300 ನಿಟ್ಸ್ ಆಸುಪಾಸಿನ ಅಗ್ಗದ ಟಿವಿ ಎಚ್‌ಡಿಆರ್ ಸಂಕೇತವನ್ನು ಸ್ವೀಕರಿಸುತ್ತದೆ, ಪೆಟ್ಟಿಗೆಯ ಮೇಲೆ ಮುದ್ರೆಯನ್ನೂ ಹಾಕಿಕೊಂಡಿರುತ್ತದೆ, ತೋರಿಸುವಾಗ ಮಾತ್ರ ಚಿತ್ರ ಮಂಕು. ಅಂಥ ಟಿವಿಯಲ್ಲಿ ನಡುವಿನ ಪ್ಲಾನ್‌ನ 1080ಪಿ ಚಿತ್ರವೇ ಹಲವು ಸಲ ಚೆನ್ನಾಗಿ ಕಾಣುತ್ತದೆ.

ಅನುಮಾನವಿದ್ದರೆ ಒಂದೇ ತಿಂಗಳಿಗೆ ಮೇಲಿನ ಪ್ಲಾನ್ ಹಾಕಿಸಿ, ಒಂದೇ ದೃಶ್ಯವನ್ನು ಪ್ರೊಫೈಲ್ ಸೆಟ್ಟಿಂಗ್ ‘ಹೆಚ್ಚು’ ಮತ್ತು ‘ಮಧ್ಯಮ’ ಇಟ್ಟು ನೋಡಬಹುದು ಎಂದು ಕೆಲವರು ಹೇಳುತ್ತಾರೆ. ಆ ಹೋಲಿಕೆ ಸರಿಯಲ್ಲ. ‘ಮಧ್ಯಮ’ 1080ಪಿಗಿಂತಲೂ ಕೆಳಗಿನದು. ಹೋಲಿಸಬೇಕಾದದ್ದು ನಡುವಿನ ಪ್ಲಾನ್‌ನ ‘ಹೆಚ್ಚು’ ಮತ್ತು ಮೇಲಿನ ಪ್ಲಾನ್‌ನ ‘ಹೆಚ್ಚು’. ಮೊದಲು ನಡುವಿನದರಲ್ಲಿ ಎರಡು ಮೂರು ದೃಶ್ಯ ಗುರುತಿಟ್ಟುಕೊಂಡು ನೋಡಿ, ಆಮೇಲೆ ಪ್ಲಾನ್ ಏರಿಸಿ ಅವನ್ನೇ ನೋಡಿ.

ಪ್ರಶ್ನೆ: ಯಾವ ಪ್ಲಾನ್‌ಗೆ ಎಷ್ಟು ನೆಟ್ ವೇಗ ಬೇಕು? ಡೇಟಾ ಎಷ್ಟು ಖರ್ಚಾಗುತ್ತದೆ?

ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ 720ಪಿಗೆ 3 ಎಂಬಿಪಿಎಸ್, 1080ಪಿಗೆ 5, 4ಕೆಗೆ 15. ಇತರ ಸೇವೆಗಳು 4ಕೆಗೆ 25ರವರೆಗೂ ಕೇಳುವುದುಂಟು. ಇದು ಪ್ರತಿ ಪರದೆಗೆ. ಎರಡು ಪರದೆಯಲ್ಲಿ 4ಕೆ, ಜೊತೆಗೆ ಇಬ್ಬರು ಫೋನ್ ಹಿಡಿದಿದ್ದರೆ 50ರ ಸಂಪರ್ಕ ನೆಮ್ಮದಿ.

ಡೇಟಾ ಗಂಟೆಗೆ 1080ಪಿಯಲ್ಲಿ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ. ದಿನಕ್ಕೆ ಎರಡು ಗಂಟೆಯಂತೆ 30 ದಿನಕ್ಕೆ ಒಂದು ಪರದೆಯಲ್ಲೇ 180 ಜಿಬಿ ಅಥವಾ 420 ಜಿಬಿ. ನಿಮ್ಮ ನೆಟ್ ಸಂಪರ್ಕಕ್ಕೆ ತಿಂಗಳ ಮಿತಿ ಇದ್ದರೆ ಪ್ಲಾನ್ ಏರಿಸುವ ಮುನ್ನ ಈ ಲೆಕ್ಕ ಹಾಕಿ. ಇಲ್ಲದಿದ್ದರೆ ತಿಂಗಳ ಕೊನೆಯಲ್ಲಿ ವೇಗ ಇಳಿದು, 4ಕೆಗೆ ದುಡ್ಡು ಕೊಟ್ಟೂ 480ಪಿ ನೋಡಬೇಕಾದೀತು.

ವೇಗ ಅಳೆಯುವುದು ಟಿವಿ ಇರುವ ಜಾಗದಲ್ಲಿ, ನೀವು ಸಾಮಾನ್ಯವಾಗಿ ನೋಡುವ ಹೊತ್ತಿನಲ್ಲಿ. ರೂಟರ್ ಪಕ್ಕ ಮಧ್ಯಾಹ್ನ ಸಿಕ್ಕ ಅಂಕಿ ಪ್ರಯೋಜನಕ್ಕಿಲ್ಲ. ‘ಫಾಸ್ಟ್ ಡಾಟ್ ಕಾಮ್’ ಎಂಬ ತಾಣ ನೆಟ್‌ಫ್ಲಿಕ್ಸ್‌ನ ಸರ್ವರ್‌ಗಳಿಂದಲೇ ವೇಗ ಅಳೆಯುತ್ತದೆ, ಹಾಗಾಗಿ ಈ ಕೆಲಸಕ್ಕೆ ಹೊಂದುತ್ತದೆ. ಟಿವಿಯ ವೈ-ಫೈ 2.4 ಗಿಗಾಹರ್ಟ್ಜ್‌ನಲ್ಲಿದ್ದರೆ 5ಕ್ಕೆ ಬದಲಿಸಿ. ಗೋಡೆಗಳು ಹೆಚ್ಚಿದ್ದರೆ ತಂತಿ ಎಳೆಯಿರಿ. ಟಿವಿಯ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು ಮಾತ್ರ ಎಂದು ಬೇಸರಪಡಬೇಕಿಲ್ಲ, ಒಂದು 4ಕೆ ಪ್ರಸಾರಕ್ಕೆ ಅದು ಧಾರಾಳ.

ಪ್ರಶ್ನೆ: ಜಾಹೀರಾತು ಇರುವ ಪ್ಲಾನ್ ಎಷ್ಟೊಂದು ಅಗ್ಗ. ಜಾಹೀರಾತು ಬಿಟ್ಟು ಬೇರೆ ಏನು ಕಳೆದುಕೊಳ್ಳುತ್ತೇವೆ?

2022ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇಂಥ ಪ್ಲಾನ್ ತಂದಾಗ ಗಂಟೆಗೆ ಸರಾಸರಿ 4ರಿಂದ 5 ನಿಮಿಷ ಜಾಹೀರಾತು, ಒಂದೊಂದೂ 15 ಅಥವಾ 30 ಸೆಕೆಂಡ್ ಎಂದಿತ್ತು. ಮರು ತಿಂಗಳೇ, ಡಿಸೆಂಬರ್‌ನಲ್ಲಿ, ಡಿಸ್ನಿ ಪ್ಲಸ್ ಕೂಡ ಅಮೆರಿಕದಲ್ಲಿ ಅದೇ ದಾರಿ ಹಿಡಿಯಿತು. ಗಂಟೆಗೆ 4 ನಿಮಿಷವೆಂದೇ ಹಿಡಿದು, ದಿನಕ್ಕೆ ಎರಡು ಗಂಟೆ ನೋಡುವವರಿಗೆ ತಿಂಗಳಿಗೆ 240 ನಿಮಿಷ, ಅಂದರೆ ನಾಲ್ಕು ಗಂಟೆ ಜಾಹೀರಾತು. ಎರಡು ಪ್ಲಾನ್‌ಗಳ ದರದ ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿ. ಒಂದು ಗಂಟೆ ಜಾಹೀರಾತು ನೋಡಲು ನಿಮಗೆ ಸಿಗುವ ‘ಕೂಲಿ’ ಅದು. ಒಪ್ಪಿಗೆಯಾದರೆ ತೆಗೆದುಕೊಳ್ಳಿ. ವಾರಕ್ಕೊಂದು ಸಿನಿಮಾ ಮಾತ್ರ ನೋಡುವವರಿಗೆ ಬಹುತೇಕ ಒಪ್ಪಿಗೆಯೇ ಆಗುತ್ತದೆ. ದಿನವಿಡೀ ಟಿವಿ ಹಾಕಿರುವ ಮನೆಗೆ ಆಗದು.

ಚಿತ್ರದ ಗುಣಮಟ್ಟ ಕಡಿಮೆಯಾಗಿರಲೇಬೇಕು ಎಂದೇನಿಲ್ಲ. ನೆಟ್‌ಫ್ಲಿಕ್ಸ್‌ನ ಈ ಪ್ಲಾನ್ 720ಪಿಯಿಂದ ಶುರುವಾಗಿ 2023ರಲ್ಲಿ ಹಲವು ದೇಶಗಳಲ್ಲಿ 1080ಪಿಗೆ, ಎರಡು ಪರದೆಗೆ ಏರಿತು. ನಿಜವಾದ ನಷ್ಟ ಬೇರೆ ಕಡೆ. ಜಾಹೀರಾತಿನ ಜೊತೆ ಪ್ರಸಾರ ಮಾಡುವ ಹಕ್ಕು ಸೇವೆಗೆ ಸಿಕ್ಕಿರದ ಕೆಲವು ಶೀರ್ಷಿಕೆಗಳು ಬೀಗದ ಚಿತ್ರದೊಂದಿಗೆ ಕಾಣುತ್ತವೆ, ತೆರೆಯುವುದಿಲ್ಲ. ಡೌನ್‌ಲೋಡ್ ಇರುವುದಿಲ್ಲ ಅಥವಾ ಎಣಿಸಿ ಕೊಡುತ್ತಾರೆ. ಕೆಲವು ಹಳೆಯ ಟಿವಿ ಮತ್ತು ಕನ್ಸೋಲ್‌ಗಳ ಆ್ಯಪ್‌ಗೆ ಜಾಹೀರಾತು ತೋರಿಸುವ ವ್ಯವಸ್ಥೆಯೇ ಇಲ್ಲದ್ದರಿಂದ ಈ ಪ್ಲಾನ್ ಅಲ್ಲಿ ನಡೆಯುವುದೇ ಇಲ್ಲ. ಪ್ಲಾನ್ ಇಳಿಸುವ ಮೊದಲು ಸೇವೆಯ ಸಹಾಯ ಪುಟದಲ್ಲಿ ನಿಮ್ಮ ಸಾಧನದ ಹೆಸರಿದೆಯೇ ನೋಡಿ.

ಹೆಚ್ಚಾಗಿ ಯಾರೂ ಹೇಳದ ತೊಡಕೊಂದಿದೆ. ರೂಟರ್‌ನಲ್ಲೋ ಫೋನ್‌ನ ‘ಪ್ರೈವೇಟ್ ಡಿಎನ್‌ಎಸ್’ನಲ್ಲೋ ಜಾಹೀರಾತು ತಡೆಯುವ ಏರ್ಪಾಡು ಇದ್ದರೆ, ಜಾಹೀರಾತು ಬರಬೇಕಾದ ಜಾಗದಲ್ಲಿ ಪರದೆ ಕಪ್ಪಾಗಿ ನಿಂತುಬಿಡುತ್ತದೆ ಅಥವಾ ದೋಷದ ಸಂಖ್ಯೆ ತೋರಿಸುತ್ತದೆ. ಸೇವೆಯವರಿಗೆ ಫೋನ್ ಮಾಡಿದರೆ ಆ್ಯಪ್ ಅಳಿಸಿ ಹಾಕಿ ಎನ್ನುತ್ತಾರೆ, ಅದರಿಂದ ಗುಣವಿಲ್ಲ. ಆ ತಡೆಯಿಂದ ಟಿವಿಯೊಂದನ್ನು ಹೊರಗಿಡಿ. ನೆಟ್‌ಫ್ಲಿಕ್ಸ್‌ನ ಈ ಪ್ಲಾನ್ ವಿಪಿಎನ್ ಹಾಕಿದ್ದರೂ ನಡೆಯುವುದಿಲ್ಲ.

ಇನ್ನು ‘ಜಾಹೀರಾತು ರಹಿತ’ ಎಂಬ ಪ್ಲಾನ್‌ನ ಷರತ್ತನ್ನೂ ಓದಿ. ಕ್ರೀಡೆಯಂಥ ನೇರ ಪ್ರಸಾರದ ನಡುವಿನ ಜಾಹೀರಾತು ಸಾಮಾನ್ಯವಾಗಿ ಅಲ್ಲೂ ಹಾಗೇ ಇರುತ್ತದೆ. ಪಂದ್ಯ ನೋಡಲೆಂದೇ ಮೇಲಿನ ಪ್ಲಾನ್ ಹಾಕಿಸಿಕೊಂಡವರು ಸಿಟ್ಟಾಗುವುದು ಇಲ್ಲೇ.

ಪ್ರಶ್ನೆ: ಫೋನ್‌ನ ಪರದೆ 1080ಪಿ, ಪ್ಲಾನ್ ಎಚ್‌ಡಿ. ಚಿತ್ರ ಮಾತ್ರ ಮಸುಕು. ಯೂಟ್ಯೂಬ್ ಅದೇ ಫೋನ್‌ನಲ್ಲಿ ಚೆನ್ನಾಗಿದೆ.

ಯೂಟ್ಯೂಬ್ ಚೆನ್ನಾಗಿ ಬರುತ್ತಿದೆ ಎಂದಮೇಲೆ ಪರದೆಯದೂ ನೆಟ್ಟಿನದೂ ತಪ್ಪಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಚಿತ್ರದ ಬೀಗ ತೆರೆಯುವ ವ್ಯವಸ್ಥೆಗೆ ವೈಡ್‌ವೈನ್ ಎಂದು ಹೆಸರು. ಅದರ ಎಲ್1 ಮಟ್ಟ ಇದ್ದರೆ ಬೀಗ ತೆರೆಯುವ ಕೆಲಸ ಚಿಪ್‌ನ ಸುರಕ್ಷಿತ ಭಾಗದಲ್ಲಿ ನಡೆಯುತ್ತದೆ. ಎಲ್3 ಆದರೆ ಬರೀ ಸಾಫ್ಟ್‌ವೇರ್‌ನಲ್ಲಿ. ಅಲ್ಲಿಂದ ಕದಿಯುವುದು ಸುಲಭವಾದ್ದರಿಂದ ದೊಡ್ಡ ಸೇವೆಗಳು ಎಲ್3 ಫೋನ್‌ಗೆ 480ಪಿ ಆಸುಪಾಸಿನ ಚಿತ್ರವನ್ನಷ್ಟೇ ಕೊಡುತ್ತವೆ, ಪ್ಲಾನ್ ಯಾವುದೇ ಇರಲಿ. ನೆಟ್‌ಫ್ಲಿಕ್ಸ್ ಆ್ಯಪ್‌ನ ‘ಆ್ಯಪ್ ಸೆಟ್ಟಿಂಗ್ಸ್’ ಒಳಗೆ ‘ಪ್ಲೇಬ್ಯಾಕ್ ಸ್ಪೆಸಿಫಿಕೇಷನ್’ ತೆರೆದರೆ ಮಟ್ಟವೂ ಗರಿಷ್ಠ ರೆಸಲ್ಯೂಷನ್ನೂ ಕಾಣುತ್ತವೆ.

ಎಲ್1 ಇದ್ದ ಫೋನ್ ಎಲ್3ಕ್ಕೆ ಇಳಿದಿದ್ದರೆ ಸಾಮಾನ್ಯ ಕಾರಣ ಬೂಟ್‌ಲೋಡರ್ (ಫೋನ್ ಶುರುವಾಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಅನ್‌ಲಾಕ್ ಮಾಡಿರುವುದು ಅಥವಾ ಬೇರೆ ಸಾಫ್ಟ್‌ವೇರ್ ತುಂಬಿರುವುದು. ಮೊದಲಿಂದಲೂ ಎಲ್3 ಎಂದಿದ್ದರೆ ನೀವು ಮಾಡಬಹುದಾದದ್ದು ಏನಿಲ್ಲ. ಫೋನ್ ಒಂದರಲ್ಲೇ ನೋಡುವವರಾದರೆ ಅಗ್ಗದ ಪ್ಲಾನ್‌ಗೆ ಇಳಿಯಿರಿ, ಚಿತ್ರ ಇದಕ್ಕಿಂತ ಕೆಡುವುದಿಲ್ಲ.

ಕಂಪ್ಯೂಟರ್‌ನಲ್ಲೂ ಇದೇ ಕಥೆ. 4ಕೆ ಬೇಕಾದರೆ ಬ್ರೌಸರ್, ಪ್ರೊಸೆಸರ್, ಮಾನಿಟರ್ ಮೂರೂ ಹೊಂದಬೇಕು. ನೆಟ್‌ಫ್ಲಿಕ್ಸ್ ವಿಂಡೋಸ್‌ನಲ್ಲಿ ಎಡ್ಜ್‌ಗೆ, ಮ್ಯಾಕ್‌ನಲ್ಲಿ ಸಫಾರಿಗೆ 4ಕೆ ಕೊಡುತ್ತದೆ. ಎರಡು ಮಾನಿಟರ್ ಹಚ್ಚಿದ್ದರೆ ಎರಡರಲ್ಲೂ ಎಚ್‌ಡಿಸಿಪಿ 2.2 ಇರಬೇಕು, ಹಳೆಯದನ್ನು ಕಿತ್ತ ಕೂಡಲೇ ಹೊಸದರಲ್ಲಿ ಚಿತ್ರ ಸರಿಯಾಗುವುದು ಇದಕ್ಕೇ.

ಪ್ರಶ್ನೆ: ಅಟ್ಮಾಸ್ ಸೌಂಡ್‌ಬಾರ್ ಇದೆ, ಪ್ಲಾನ್‌ನಲ್ಲೂ ಅಟ್ಮಾಸ್ ಇದೆ. ಸೌಂಡ್‌ಬಾರ್ ‘ಡಾಲ್ಬಿ ಆಡಿಯೋ’ ಎಂದಷ್ಟೇ ತೋರಿಸುತ್ತದೆ.

ಸೌಂಡ್‌ಬಾರ್‌ಗೆ ಆಪ್ಟಿಕಲ್ ಕೇಬಲ್ ಹಾಕಿದ್ದೀರಾ ನೋಡಿ. ಒಟಿಟಿಯ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ರೂಪದಲ್ಲಿ. ಆಪ್ಟಿಕಲ್‌ನಲ್ಲಿ ಅದು ಹೋಗುವುದಿಲ್ಲ, ಹಳೆಯ ಡಾಲ್ಬಿ ಡಿಜಿಟಲ್ 5.1 ಮಾತ್ರ ಹೋಗುತ್ತದೆ. ಟಿವಿಯ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದ ಎಚ್‌ಡಿಎಂಐ ಪೋರ್ಟ್‌ನಿಂದ ಕೇಬಲ್ ಕೊಡಿ. ಒಟಿಟಿಗೆ ಸಾಮಾನ್ಯ ಎಆರ್‌ಸಿಯೇ ಸಾಕಾಗಬಹುದು. ಇಎಆರ್‌ಸಿ ಬೇಕೇ ಬೇಕಾಗುವುದು ಬ್ಲೂ-ರೇ ಡಿಸ್ಕ್‌ಗಳ ಟ್ರೂಎಚ್‌ಡಿ ಧ್ವನಿಗೆ. ಆಮೇಲೆ ಟಿವಿಯ ಧ್ವನಿ ಸೆಟ್ಟಿಂಗ್‌ನಲ್ಲಿ ‘ಪಿಸಿಎಂ’ ಇದ್ದರೆ ‘ಪಾಸ್ ಥ್ರೂ’ ಅಥವಾ ‘ಆಟೋ’ ಮಾಡಿ. ಕೊನೆಯದಾಗಿ, ನೀವು ಆರಿಸಿದ ಭಾಷೆಯ ಧ್ವನಿಗೆ ಅಟ್ಮಾಸ್ ಇದೆಯೇ ನೋಡಿ. ಮೂಲ ಭಾಷೆಗೆ ಅಟ್ಮಾಸ್, ಡಬ್ಬಿಂಗ್‌ಗೆ 5.1 ಅಥವಾ ಸ್ಟೀರಿಯೋ ಎಂದಿರುವುದು ಸಾಮಾನ್ಯ.

ಪ್ರಶ್ನೆ: ನಾಲ್ಕು ಪರದೆಯ ಪ್ಲಾನ್ ಇದೆ. ಬೇರೆ ಊರಲ್ಲಿ ಓದುತ್ತಿರುವ ಮಗಳಿಗೆ ಒಂದು ಪರದೆ ಕೊಟ್ಟರೆ ತಪ್ಪೇನು?

ಪರದೆಗಳ ಸಂಖ್ಯೆ ಒಂದು ಷರತ್ತು, ಒಂದೇ ಮನೆಯವರಾಗಿರಬೇಕು ಎಂಬುದು ಇನ್ನೊಂದು. 2023ರಿಂದ ಈ ಎರಡನೆಯದನ್ನು ನೆಟ್‌ಫ್ಲಿಕ್ಸ್ ಬಿಗಿ ಮಾಡಿದೆ, ಆಮೇಲೆ ಇತರರೂ ಹಿಂಬಾಲಿಸಿದ್ದಾರೆ. ಐಪಿ ವಿಳಾಸ, ಸಾಧನದ ಗುರುತು, ಖಾತೆಯ ಬಳಕೆ ನೋಡಿ ಮನೆ ಯಾವುದೆಂದು ನಿರ್ಧರಿಸುತ್ತಾರೆ. ಟಿವಿಯಲ್ಲಿ ನೋಡಿದರೆ ಬೇಗ ಸಿಕ್ಕಿಬೀಳುತ್ತದೆ. ಆಗಾಗ ಮನೆಗೆ ಬಂದು ಮನೆಯ ವೈ-ಫೈ ಹಿಡಿಯುವ ಫೋನ್, ಲ್ಯಾಪ್‌ಟಾಪ್‌ಗೆ ಅಷ್ಟು ಕಾಟವಿಲ್ಲ.

ವರ್ಷಪೂರ್ತಿ ಬೇರೆ ಊರಲ್ಲೇ ಇರುವವರಿಗೆ ಎರಡು ನೇರ ದಾರಿ: ‘ಹೆಚ್ಚುವರಿ ಸದಸ್ಯ’ರನ್ನು ಸೇರಿಸುವುದು (ಈ ಸೌಲಭ್ಯ ಎಲ್ಲ ದೇಶಗಳಲ್ಲೂ, ಎಲ್ಲ ಪ್ಲಾನ್‌ಗಳಲ್ಲೂ ಇರುವುದಿಲ್ಲ) ಅಥವಾ ಅವರಿಗೇ ಬೇರೆ ಅಗ್ಗದ ಪ್ಲಾನ್. ನಾಲ್ಕು ಪರದೆಯದನ್ನು ಎರಡಕ್ಕೆ ಇಳಿಸಿದಾಗ ಉಳಿಯುವ ಹಣ ಎಷ್ಟೋ ಸಲ ಆ ಅಗ್ಗದ ಪ್ಲಾನ್‌ನ ಬಹುಪಾಲನ್ನು ತುಂಬುತ್ತದೆ. ಇಷ್ಟು ದಿನ ನೋಡಿದ ಪಟ್ಟಿ ಹೋಗುತ್ತದೆಂಬ ಚಿಂತೆ ಬೇಡ, ‘ಪ್ರೊಫೈಲ್ ವರ್ಗಾವಣೆ’ಯಿಂದ ಅದನ್ನು ಹೊಸ ಖಾತೆಗೆ ಒಯ್ಯಬಹುದು.

ಪ್ರಶ್ನೆ: ಪ್ರಯಾಣಕ್ಕೆಂದು ಡೌನ್‌ಲೋಡ್ ಮಾಡಿಟ್ಟ ಸಿನಿಮಾ ವಿಮಾನದಲ್ಲಿ ತೆರೆಯಲೇ ಇಲ್ಲ. ಯಾಕೆ?

ಡೌನ್‌ಲೋಡ್ ಆದದ್ದು ಸಿನಿಮಾ ಅಷ್ಟೇ ಅಲ್ಲ, ಜೊತೆಗೆ ಅವಧಿಯುಳ್ಳ ಪರವಾನಗಿಯೂ. ಕೆಲವು ಶೀರ್ಷಿಕೆಗಳಿಗೆ ಏಳು ದಿನ. ಒಮ್ಮೆ ನೋಡಲು ಶುರು ಮಾಡಿದರೆ 48 ಗಂಟೆ ಮಾತ್ರ ಎಂಬ ನಿಯಮವೂ ಹಲವದಕ್ಕಿದೆ. ಮುಗಿದ ಮೇಲೆ ನೆಟ್ ಹಿಡಿದು ನವೀಕರಿಸಬೇಕು. ಹೊರಡುವ ಹಿಂದಿನ ರಾತ್ರಿ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಒಂದೊಂದನ್ನೂ ಕೆಲವು ಸೆಕೆಂಡ್ ಓಡಿಸಿ ನೋಡಿ. 48 ಗಂಟೆಯ ಗಡಿಯಾರ ಶುರುವಾದರೂ ಪ್ರಯಾಣಕ್ಕೆ ಅದು ಸಾಲುತ್ತದೆ.

ಸಾಧನಗಳ ಮಿತಿಯೂ ಪ್ಲಾನ್‌ಗೆ ತಕ್ಕಂತೆ. ನೆಟ್‌ಫ್ಲಿಕ್ಸ್‌ನ ಸ್ಟ್ಯಾಂಡರ್ಡ್‌ನಲ್ಲಿ 2, ಪ್ರೀಮಿಯಂನಲ್ಲಿ 6. ಮಾರಿದ ಹಳೆಯ ಫೋನ್ ಇನ್ನೂ ಆ ಎಣಿಕೆಯಲ್ಲೇ ಕೂತಿರಬಹುದು. ಖಾತೆಯ ಪುಟದ ಡೌನ್‌ಲೋಡ್ ಸಾಧನಗಳ ಪಟ್ಟಿಯಿಂದ ತೆಗೆಯಿರಿ.

ಪ್ರಶ್ನೆ: ವರ್ಷದ ಚಂದಾ ಲಾಭವೋ, ತಿಂಗಳದ್ದೋ? ನಡುವೆ ಪ್ಲಾನ್ ಬದಲಿಸಿದರೆ ಹಣ ಹೋಗುತ್ತದೆಯೇ?

ವರ್ಷದ ದರವನ್ನು ತಿಂಗಳ ದರದಿಂದ ಭಾಗಿಸಿ. ಹತ್ತು ಬಂತೆನ್ನಿ. ವರ್ಷದಲ್ಲಿ ಹತ್ತಕ್ಕಿಂತ ಹೆಚ್ಚು ತಿಂಗಳು ನೀವು ಆ ಸೇವೆಯನ್ನು ನಿಜವಾಗಿ ನೋಡುವುದಾದರೆ ಮಾತ್ರ ಲಾಭ. ಒಂದು ಸೇವೆಯಲ್ಲಿ ಎರಡು ತಿಂಗಳು ನೋಡಿ, ನಿಲ್ಲಿಸಿ, ಇನ್ನೊಂದಕ್ಕೆ ಹೋಗುವವರಿಗೆ ತಿಂಗಳ ಚಂದಾವೇ ಸರಿ. ನಮ್ಮ ಒಲವೂ ಅದರ ಕಡೆಗೇ. ಒಂದು ಸೇವೆಯ ಮೇಲಿನ ಪ್ಲಾನ್‌ಗಿಂತ ಸರದಿಯಲ್ಲಿ ಎರಡು ಸೇವೆಗಳ ನಡುವಿನ ಪ್ಲಾನ್‌ನಿಂದ ನೋಡಲು ಹೆಚ್ಚು ಸಿಗುತ್ತದೆ.

ಪ್ಲಾನ್ ಏರಿಸಿದರೆ ಸಾಮಾನ್ಯವಾಗಿ ಕೂಡಲೇ ಜಾರಿ. ಇಳಿಸಿದರೆ ಮುಂದಿನ ಬಿಲ್ಲಿನ ದಿನದಿಂದ, ಅಲ್ಲಿಯವರೆಗೆ ಹಳೆಯದೇ ಸಿಗುತ್ತದೆ. ಆದ್ದರಿಂದ ಇಳಿಸುವ ಮನಸ್ಸಾದ ದಿನವೇ ಇಳಿಸಿ, ಕೊನೆಯ ದಿನಕ್ಕೆ ಕಾಯಬೇಡಿ.

ಚಂದಾ ಎಲ್ಲಿ ಕಟ್ಟಿದ್ದೀರೋ ಅಲ್ಲೇ ಬದಲಿಸಬೇಕು, ಅಲ್ಲೇ ರದ್ದು ಮಾಡಬೇಕು. ಆ್ಯಪಲ್‌ನ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ್ದರೆ ನವೀಕರಣಕ್ಕೆ ಕನಿಷ್ಠ 24 ಗಂಟೆ ಮುಂಚೆ ರದ್ದು ಮಾಡಬೇಕು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಹಣ ಕಡಿತವಾಗುತ್ತಲೇ ಇರುತ್ತದೆ. ಫೋನ್ ಅಥವಾ ನೆಟ್ ಸಂಪರ್ಕದ ಜೊತೆ ಸೇವೆ ‘ಉಚಿತ’ವಾಗಿ ಬಂದಾಗಲೂ ಹುಷಾರು: ಅದು ಹೆಚ್ಚಾಗಿ ಕೆಳಗಿನ ಪ್ಲಾನ್. ಅದನ್ನು ಸಕ್ರಿಯಗೊಳಿಸುವಾಗ ಬೇರೆ ಇಮೇಲ್ ಕೊಟ್ಟರೆ ಹೊಸ ಖಾತೆ ಹುಟ್ಟಿ, ಹಳೆಯ ಖಾತೆಗೂ ಹಣ ಹೋಗುತ್ತಿರುತ್ತದೆ. ಈಗಿರುವ ಖಾತೆಗೇ ಜೋಡಿಸಿ, ಮುಂದಿನ ಬಿಲ್ಲಿನಲ್ಲಿ ಪಾವತಿ ವಿಧಾನ ಬದಲಾಗಿದೆಯೇ ನೋಡಿ.

ಪ್ರಶ್ನೆ: ಮೇಲಿನ ಪ್ಲಾನ್ ತೆಗೆದುಕೊಂಡರೆ ನೇರ ಪ್ರಸಾರದ ಪಂದ್ಯ, ಕೇಬಲ್‌ನಲ್ಲಿ ನೋಡುವ ಪಕ್ಕದ ಮನೆಯವರಿಗೆ ಬರುವಷ್ಟೇ ಬೇಗ ಬರುತ್ತದೆಯೇ?

ಇಲ್ಲ. ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಹಲವು ತುಂಡು ಮುಂಚಿತವಾಗಿ ಕೂಡಿಟ್ಟುಕೊಂಡೇ ಆ್ಯಪ್ ತೋರಿಸುವುದು. ಅರ್ಧ ನಿಮಿಷದ ಆಸುಪಾಸಿನ ತಡ ಎಲ್ಲ ಪ್ಲಾನ್‌ಗೂ ಒಂದೇ. ಬಹಳ ಹೊತ್ತು ವಿರಾಮ ಕೊಟ್ಟು ಹಿಂದೆ ಬಿದ್ದಿದ್ದರೆ ‘ಲೈವ್’ ಗುಂಡಿ ಒತ್ತಿ. ಅದಕ್ಕಿಂತ ಬೇಗ ಬೇಕೆಂದರೆ ಕೇಬಲ್ ಅಥವಾ ಆಂಟೆನಾದಲ್ಲಿ ನೋಡಿ.